ಕೊನೆಯ ಬೆಂಚಿಗೆ ಬಂದ ಪಾತ್ರೆ

ಫೆಬ್ರವರಿ ೩೦, ೨೧೪೮
ಕಾರ್ಕಳದ ಗುಡ್ಡ

ಪ್ರೀತಿಯ ಜಯವಂತಿ ಅಜ್ಜಿಗೆ,

ತಾರೀಖು ತಪ್ಪಿಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಈ ಪತ್ರ ಕಾಲದಲ್ಲಿ ಹಿಂದಕ್ಕೆ, ನಿಮ್ಮ ೨೦೨೫ಕ್ಕೆ ಬರುತ್ತಿದೆ; ಅಲ್ಲಿ ನಿಮಗೀಗ ನಲವತ್ತು, ಇಲ್ಲಿ ನನಗೆ ನಲವತ್ತಾರು. ಆದರೂ ನೀವು ನನ್ನ ಅಜ್ಜಿಯ ಅಜ್ಜಿ, ಬೇರೆ ಹೇಗೆ ಕರೆಯಲಿ? ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ.

ಕಡಲು ಉಡುಪಿಯ ತನಕ ಬಂದ ಮೇಲೆ ನಮ್ಮ ಕ್ರೈಸ್ತ ಸಭೆ ಗುಡ್ಡ ಹತ್ತಿತು. ಬಿಸಿಲಿಗೆ ಹೆದರಿ ಬೆಳಗಿನ ಐದಕ್ಕೇ ಆರಾಧನೆ, ಆಮೇಲೆ ಎಲ್ಲರಿಗೂ ರಾಗಿ ಗಂಜಿ. ಅನ್ನ ಹಬ್ಬಕ್ಕೆ ಮಾತ್ರ. ನಾನು ಇಲ್ಲಿನ ಸಭಾಪಾಲಕಿ. ಹೆಂಗಸು ಆ ಕೆಲಸ ಮಾಡುವುದು ಈಗ ಯಾರಿಗೂ ಸುದ್ದಿಯಲ್ಲ.

ನಮ್ಮ ಸಭೆಯ ಚರಿತ್ರೆಯಲ್ಲಿ ನನಗೆ ದೊಡ್ಡದೆನಿಸುವುದು ಎರಡು ದಿನ. ಒಂದು, ಸಭೆ ಹುಟ್ಟಿದ ಕಾಲದ್ದು. ಬೇರೆಯವರ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದವರೂ ಬೊಗಸೆಯೊಡ್ಡುತ್ತಿದ್ದವರೂ ಅಂದು ಕರ್ತನ ಭೋಜನದಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವಾಗ, ಒಂದೇ ಪಾತ್ರೆಗೆ ತುಟಿಯಿಟ್ಟರು. ಇನ್ನೊಂದು ನಿಮ್ಮ ದಿನಚರಿಯಲ್ಲಿದೆ. ಪ್ರಾಯಶಃ ನೀವಿನ್ನೂ ಅದನ್ನು ಬರೆದಿಲ್ಲ. ಸೋಂಕಿನ ವರ್ಷಗಳ ನಂತರ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ ಬಂತು. ಅವನ್ನು ಸದಸ್ಯರ ಪಟ್ಟಿ ನೋಡಿ ಜೋಡಿಸುತ್ತಿದ್ದರು. ಪಟ್ಟಿಯಲ್ಲಿಲ್ಲದ ಸಬಿತಾ, ಬಂದರಿನಲ್ಲಿ ಮೀನು ಆಯಲು ಒಡಿಶಾದಿಂದ ಬಂದವಳು, ಕೊನೆಯ ಬೆಂಚಿನಲ್ಲಿದ್ದಳು. ಲೋಟಗಳ ತಟ್ಟೆ ಅಲ್ಲಿಗೆ ಬರುವಾಗ ಖಾಲಿ. ನೀವು ಎದ್ದು ಹಿಂದೆ ಎಲ್ಲರೂ ಕುಡಿಯುತ್ತಿದ್ದ ಹಳೆಯ ಪಾತ್ರೆಯನ್ನು ಕಪಾಟಿನಿಂದ ತೆಗೆದು, ಸಭಾಪಾಲಕರಿಂದ ತುಂಬಿಸಿಕೊಂಡು ಅವಳಿಗೆ ಕೊಟ್ಟಿರಿ. ಅವಳು ಕುಡಿದ ಮೇಲೆ ನೀವೂ ಕುಡಿದಿರಿ. ಹೊರಗೆ ನಿಮ್ಮ ನಾದಿನಿ, "ಅಲ್ಲ ಅತ್ತಿಗೆ, ಮಕ್ಕಳಿಗೆ ಕಚ್ಚಿ ಕುಡೀಬೇಡಿ ಅಂತ ಬೈಯೋದು ನೀವೇ ಅಲ್ವಾ?" ಎಂದು ಚುಚ್ಚಿದರು. "ಹೌದು ಮಾರಾಯ್ತಿ, ಇವತ್ತು ನನಗೇ ಬೈಕೊಂಡೆ" ಎಂದಿರಿ ನೀವು.

ಈಗ ನಮ್ಮಲ್ಲಿಗೆ ಉಪ್ಪುನೆಲದವರು ಬಂದಿದ್ದಾರೆ. ಮುಳುಗಿದ ದ್ವೀಪಗಳ ಜನರಿಗೆ ನಾವಿಟ್ಟ ಹೆಸರದು. ಅವರ ತುಟಿಗಳು ಉಪ್ಪಿಗೆ ಸೀಳಿ ಹುಣ್ಣಾಗಿವೆ. ಅಂಟುವ ರೋಗವಲ್ಲ ಎಂದು ವೈದ್ಯರು ಹೇಳಿಯಾಗಿದೆ. ಆದರೂ ಹಿರಿಯರ ಸಮಿತಿ ಅವರಿಗೆಂದೇ ಗಿಂಡಿಯಂಥ ಸುರಿಪಾತ್ರೆ ಮಾಡಿಸಿತು, ಬಾಯಿಗೆ ಮೇಲಿನಿಂದ ಸುರಿಯಲು. ಸ್ವಚ್ಛತೆಗಾಗಿ ಎಂದರು. ನಾನೂ ತಲೆಯಾಡಿಸಿದೆ. ಅದು ಸ್ವಚ್ಛತೆಯೇ, ಅಥವಾ ನನ್ನ ಅಸಹ್ಯಕ್ಕೆ ಸಿಕ್ಕ ಒಳ್ಳೆಯ ಹೆಸರೇ? ನಾಳೆ ಅವರ ಮೊದಲ ಕರ್ತನ ಭೋಜನ.

ನಿಮ್ಮ ಆ ಪುಟದಲ್ಲಿ ಒಂದು ಸಾಲಿದೆ. ಪಾತ್ರೆ ತುಟಿಗೆ ತಾಗುವಾಗ ಹೇಸಿಗೆಯಾಯಿತು, ಆದರೂ ನುಂಗಿದೆ ಎಂದು. ನೀವು ಬರೀ ಧೈರ್ಯವಂತೆಯಾಗಿದ್ದರೆ ನನ್ನ ಕೈಗೆ ಎಟಕುತ್ತಿರಲಿಲ್ಲ. ಈ ಸಾಲಿಗಾಗಿ ನಿಮಗೆ ಎಷ್ಟು ವಂದಿಸಿದರೂ ಸಾಲದು. ಸುರಿಪಾತ್ರೆಯನ್ನು ಹಿರಿಯರಿಗೆ ಹಿಂದಿರುಗಿಸಿದ್ದೇನೆ. ನಾಳೆ ಉಪ್ಪುನೆಲದವರೆಲ್ಲ ಸಭೆಯ ಪಾತ್ರೆಗೇ ತುಟಿಯಿಟ್ಟು ಕುಡಿದ ಮೇಲೆ ಅದೇ ಪಾತ್ರೆಯಿಂದ ನಾನು ಕುಡಿಯುತ್ತೇನೆ.

ಬರೆಯುವ ದಿನ ಬಂದಾಗ, ಅಜ್ಜಿ, ನಾಚಿಕೆಪಟ್ಟು ಆ ಸಾಲನ್ನು ಹೊಡೆದುಹಾಕಬೇಡಿ.

ನಿಮ್ಮ,
ಕರುಣಾಲತಾ