ಸೊನ್ನೆ ಇಲ್ಲದ ಮಾತು

೧೨ ಜುಲೈ ೧೯೯೮, ಭಾನುವಾರ

ಟ್ರ್ಯಾಕ್ಸ್ ತೊಳೆದೆ. ಗಂಗಾವತಿಗೆ ಎರಡು ಟ್ರಿಪ್. ಹತ್ತು ಜನರ ಗಾಡಿಯಲ್ಲಿ ಹತ್ತೊಂಬತ್ತು ಜನ — ಬೇವೂರಿನಲ್ಲಿ ಬೇರೆ ಯಾವ ಡ್ರೈವರ್‌ಗೂ ಈ ವಿದ್ಯೆ ಬರುವುದಿಲ್ಲ.

ಬರುವಾಗ ಕ್ಯಾಂಪಿನಿಂದ ಸುಂಕಣ್ಣನನ್ನು ಕೂರಿಸಿಕೊಂಡು ಬಂದೆ. ನನ್ನ ಅಕ್ಕ ಗಾಳೆಮ್ಮನ ಮಗಳು ಅನ್ನಪೂರ್ಣಳ ಗಂಡ. ಕ್ಯಾಂಪಿನವರೆಲ್ಲ ಕಾಲುವೆ ನೀರಿಗೆಂದು ಆದೋನಿ ಕಡೆಯಿಂದ ಬಂದು ನೆಲೆಸಿದ ತೆಲುಗಿನವರು. ಸಂಬಂಧ ತಂದವನು ನಾನೇ. ಮಗಳು ಹುಟ್ಟಿ ತಿಂಗಳಾಯಿತು, ಇವನು ನೋಡುತ್ತಿರುವುದು ಇವತ್ತೇ. ಹೊಸ್ತಿಲಲ್ಲೇ ನಿಂತ. ಕೂಸಿನ ಮುಖ ನೋಡಿದ. ಕಣ್ಣು ತುಂಬಿಕೊಂಡು ಅಂದ: "ಮಾ ಪಾಪ!"

ಅಕ್ಕ ಕೆಂಡವಾದಳು. ಕೈಯಲ್ಲಿದ್ದ ಚೊಂಬು ನೆಲಕ್ಕೆ ಕುಕ್ಕಿದಳು. "ಹೆಣ್ಣು ಹುಟ್ಟಿದ್ರ ಮಾಪಾಪ ಅಂತಾನೇನೋ ಇಂವಾ! ಎಂಥಾವನ್ನ ಹುಡುಕಿ ತಂದ್ಯೋ ಹನುಮ್ಯಾ!"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಳಿಯ ಸ್ವಲ್ಪ ಬೆವರಲಿ ಅಂತ ಬಿಟ್ಟು, ಆಮೇಲೆ ಬಿಡಿಸಿ ಹೇಳಿದೆ. "ಯಕ್ಕಾ, ತೆಲುಗಿನಾಗ ಪಾಪ ಅಂದ್ರ ಹೆಣ್ಣುಕೂಸು. ಮಾ ಅಂದ್ರ ನಮ್ಮ. ನಮ್ಮ ಕೂಸು ಅನ್ನಾಕ ಹತ್ಯಾನ ಅಂವಾ."

"ಮತ್ತ ಅಯ್ಯೋ ಪಾಪ ಅನ್ನಾಕ ಏನಂತಾರ ಅವರು?"

"ಪಾಪಂ. ಒಂದು ಸೊನ್ನಿ ಜಾಸ್ತಿ. ಸೊನ್ನಿ ಇದ್ರ ಅಯ್ಯೋ, ಇಲ್ಲಂದ್ರ ಕೂಸು."

ಹಿಂದಿಯಲ್ಲಿ ಕೊನೆಗೆ ದೀರ್ಘ ಎಳೆದರೆ ಅಪ್ಪ ಎಂದೂ ಹೇಳಿದೆ. ಯಾರೂ ಕೇಳಲಿಲ್ಲ. ಏಳನೇ ಕ್ಲಾಸ್ ಓದಿದವನು, ನಾಲ್ಕು ಭಾಷೆ ಬರುತ್ತದೆ — ಈ ಮನೆಯಲ್ಲಿ ಬೆಲೆಯಿಲ್ಲ.

೨ ಆಗಸ್ಟ್

ಕಾಲುವೆಗೆ ನೀರು ಬಿಟ್ಟಿದ್ದಾರೆ. ಕ್ಯಾಂಪಿನಲ್ಲಿ ಭತ್ತದ ನಾಟಿ. ಬೀಗರು ಬರುವಂತಿಲ್ಲ. ಹೆಸರಿಡುವುದು ನಾಟಿ ಮುಗಿದ ಮೇಲೆ. ಹೆಸರು ನಾನು ಆರಿಸಿಟ್ಟಿದ್ದೇನೆ. ಅಕ್ಕ ಕೇಳಿದಳು, ಅನ್ನಪೂರ್ಣ ಕಾಡಿದಳು… ಹೇಳಲಿಲ್ಲ. ಆ ದಿನವೇ ಎಲ್ಲರೂ ಕೇಳಿ ಬಾಯಿ ಬಾಯಿ ಬಿಡಬೇಕು, ಅಂಥ ಹೆಸರು.

ಅಲ್ಲಿಯ ತನಕ ಎಲ್ಲರಿಗೂ ಪಾಪ. ಅಕ್ಕನೂ ಹಾಗೇ ಕರೆಯುತ್ತಾಳೆ ಈಗ! ಕರೆದರೆ ನಮ್ಮ ಪಾಪ ತಿರುಗಿ ನೋಡುತ್ತಾಳೆ. ಇವತ್ತು ನನ್ನ ಮೀಸೆ ಹಿಡಿದಳು. ಬಿಡಲೇ ಇಲ್ಲ. ನನ್ನನ್ನು ಅಜ್ಜ ಅಂದವರನ್ನು ಮಾತ್ರ ಗಾಡಿಯಿಂದ ಇಳಿಸುವವನಿದ್ದೇನೆ.

೩ ಸೆಪ್ಟೆಂಬರ್

ನಾಲ್ಕು ದಿನದ ಹಿಂದೆ ಕೂಸಿಗೆ ಜ್ವರ ಬಂದಿತ್ತು. ಕೊಪ್ಪಳದ ಆಸ್ಪತ್ರೆಗೆಂದು ಹೊರಟೆವು. ಈ ರಸ್ತೆಯಲ್ಲಿ ನನ್ನಷ್ಟು ಜೋರಾಗಿ ಓಡಿಸುವವರು ಇಲ್ಲ. ಓಡಿಸಿದೆ. ಹಿಂದಿನ ಸೀಟಿನಲ್ಲಿ ಅನ್ನಪೂರ್ಣ ಪಾಪ, ಪಾಪ ಅನ್ನುತ್ತಿದ್ದಳು. ಆಮೇಲೆ ಅನ್ನಲಿಲ್ಲ. ಕನ್ನಡಿಯಲ್ಲಿ ನೋಡಿದೆ.

ಗಾಡಿ ನಿಧಾನ ಮಾಡಿದೆ.

ಹೊಲದ ಬೇವಿನ ಕೆಳಗೆ ಮಣ್ಣು ಮಾಡಿದೆವು. ಸುಂಕಣ್ಣ ಮೂರು ದಿನ ಇದ್ದು ಹೋದ. "ಅಕಿ ಬರ್ತೀನಿ ಅಂದ ದಿನ ಕರ್ಕೊಂಡು ಬಾ ಮಾಮಾ" ಅಂದ, ಅನ್ನಪೂರ್ಣಳ ಕಡೆ ನೋಡಿ.

೫ ಸೆಪ್ಟೆಂಬರ್

ಮಾತಾಡಿಸಲು ಜನ ಬರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಬಾಯಲ್ಲೂ ಒಂದೇ. ಪಾಪ, ಚೊಚ್ಚಲ ಕೂಸು. ಪಾಪ, ಇನ್ನೂ ಹಸಿಮೈ. ಪ್ರತಿ ಸಲವೂ ಅನ್ನಪೂರ್ಣ ತಟ್ಟನೆ ಮೂಲೆಯ ಕಡೆ ತಿರುಗುತ್ತಾಳೆ. ಯಾರೋ ಕೂಸನ್ನು ಕರೆದ ಹಾಗೆ. ತೊಟ್ಟಿಲು ಅಲ್ಲಿತ್ತು. ಅಕ್ಕ ಬಿಚ್ಚಿಟ್ಟಿದ್ದಾಳೆ. ಆದರೂ ತಿರುಗುತ್ತಾಳೆ.

ನಮ್ಮ ಭಾಷೆಯಲ್ಲಿ ಆ ಸೊನ್ನೆ ಇಲ್ಲ.

೬ ಸೆಪ್ಟೆಂಬರ್

ಟ್ರಿಪ್ ಬಿಟ್ಟು ಬಾಗಿಲ ಕಟ್ಟೆಯ ಮೇಲೆ ಕುಳಿತೆ. ಮೊದಲು ಬಂದವನು ಪಕ್ಕದ ಹೊಲದ ಕಳಕೇಶಣ್ಣ.

"ಒಳಗ ಹೋಗಿ ಆ ಮಾತು ಒಂದು ಅನ್ನಬ್ಯಾಡ್ರಿ."

"ಯಾವ ಮಾತೋ?"

"ಅದ… ಅಯ್ಯೋ ಅನ್ನೋ ಬದ್ಲಿ ಅಂತೀರಲ್ರಿ, ಅದು. ಕೂಸಿನ ಕರದಂಗ ಕೇಳಸ್ತೈತಿ ಅಕಿಗೆ."

"ಮತ್ತ ಏನನ್ನಲಿ?"

"ಸಜ್ಜಿ ಹೆಂಗೈತಿ ಅಂತ ಕೇಳ್ರಿ."

"ಸತ್ತ ಮನ್ಯಾಗ ಸಜ್ಜಿ ಕೇಳಲೇನೋ? ನಿನಗ ಈಗೂ ಚ್ಯಾಷ್ಟಿ!"

ಒಳಗೆ ಹೋದ. ಪೂರಾ ಕೂರುವ ಮೊದಲೇ ಅಂದುಬಿಟ್ಟ. ಬಾಯಿಂದಲ್ಲ, ಉಸಿರಿನಿಂದ ಬಂತು. ಬೈಯಲು ಆಗಲಿಲ್ಲ.

ಓಣಿಯ ತಾಜಬೀ ಗಂಜಿ ತಂದಳು. ಅನ್ನಪೂರ್ಣಳ ತಲೆ ಸವರಿ "ಬೇಚಾರಿ" ಅಂದಳು. ಅವರ ಮಾತಿನ ಅಯ್ಯೋ ಅದು. ಅನ್ನಪೂರ್ಣ ತಿರುಗಲಿಲ್ಲ. ಊರಿಗೆಲ್ಲ ಉರ್ದು ಕಲಿಸಬೇಕೇನೋ.

೧೩ ಸೆಪ್ಟೆಂಬರ್

ಗೆದ್ದೆ. ಬೈದು, ಬೇಡಿ, ಕಾಲು ಹಿಡಿದು. ಈಗ ಈ ಓಣಿಯಲ್ಲಿ ಯಾರೂ ಆ ಮಾತು ಆಡುವುದಿಲ್ಲ. ಬರುತ್ತಾರೆ, ಸುಮ್ಮನೆ ಕೂರುತ್ತಾರೆ, ಏಳುತ್ತಾರೆ.

ಅನ್ನಪೂರ್ಣ ಈಗ ಯಾವ ಕಡೆಗೂ ತಿರುಗುವುದಿಲ್ಲ. ರೊಟ್ಟಿ ಮುರಿಯುತ್ತಾಳೆ, ತಿನ್ನುವುದಿಲ್ಲ. ಗೋಡೆ ನೋಡುತ್ತಾಳೆ.

ಕ್ಯಾಂಪಿಗೆ ಹೋದರೆ ಹೇಗೆ? ಅಲ್ಲಿ ಮನೆಗೊಂದು ಹೆಣ್ಣುಕೂಸು, ಎಲ್ಲವನ್ನೂ ಕರೆಯುವುದು ಹಾಗೆಯೇ. ಇಲ್ಲಿ ಅಯ್ಯೋ ಅಂದರೂ ಅದೇ, ಅಲ್ಲಿ ಬಾ ಅಂದರೂ ಅದೇ. ಇಷ್ಟು ವರ್ಷ ಈ ರಸ್ತೆಯಲ್ಲಿ ಓಡಿಸಿದ್ದೇನೆ. ಆ ಮಾತಿಲ್ಲದ ಊರು ಒಂದೂ ನೆನಪಾಗುತ್ತಿಲ್ಲ.

೨೦ ಸೆಪ್ಟೆಂಬರ್

ಅನ್ನಪೂರ್ಣ ತಾನಾಗಿಯೇ ಕ್ಯಾಂಪಿಗೆ ಹೊರಟಳು. ಮುಂದಿನ ಸೀಟಿನಲ್ಲಿ ಕೂರಿಸಿದೆ. ಬೇರೆ ಯಾರನ್ನೂ ಹತ್ತಿಸಲಿಲ್ಲ. ದಾರಿಯಲ್ಲಿ ಅಂದೆ, "ಅಲ್ಲಿ ಎಲ್ಲಾರೂ ಆ ಮಾತು ಅಂತಾರವ್ವಾ. ಸುಂಕಣ್ಣಗ ಹೇಳಿ ನಿಲ್ಲಸ್ತೀನಿ."

"ನಿಲ್ಲಸಬ್ಯಾಡ ಮಾವ."

ಎಷ್ಟೋ ದಿನಕ್ಕೆ ಮಾತು.

"ಊರಾಗೂ ಯಾಕ ನಿಲ್ಲಿಸಿದಿ? ಅವರು ಅಯ್ಯೋ ಅಂತಿದ್ರು ಅನ್ನೋದು ನನಗ ಗೊತ್ತಿರಲಿಲ್ಲೇನು? ಅಕಿಗೆ ಇದ್ದದ್ದು ಅದೊಂದ ಹೆಸರು. ದಿನಾ ನಾಲ್ಕು ಮಂದಿ ಕರೀತಿದ್ರು. ಈಗ ಒಬ್ಬರೂ ಕರಿಯಂಗಿಲ್ಲ."

ಗೇರ್ ಬದಲಿಸಿದೆ. ಬದಲಿಸಬೇಕಾಗಿರಲಿಲ್ಲ.

"ನೀನರ ಒಮ್ಮೆ ಕರಿ ಮಾವ."

ಬಾಯಿ ತೆರೆದೆ. ಹಾರ್ನ್ ಹೊಡೆದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಕ್ಯಾಂಪಿನಲ್ಲಿ ಇಳಿಯುವಾಗ ಯಾವಳೋ ತನ್ನ ಮಗಳನ್ನು ಕೂಗಿದಳು. ಅನ್ನಪೂರ್ಣ ತಿರುಗಿದಳು. ಅಳಲಿಲ್ಲ, ನಗಲೂ ಇಲ್ಲ. ಆದರೆ ತಿರುಗಿದಳು. ಆಮೇಲೆ ಸುಂಕಣ್ಣನ ಹಿಂದೆ ಒಳಗೆ ಹೋದಳು.

೨೧ ಸೆಪ್ಟೆಂಬರ್

ಆರಿಸಿಟ್ಟ ಹೆಸರು ಯಾರಿಗೂ ಹೇಳಿಲ್ಲ. ಇನ್ನು ಹೇಳುವುದೂ ಇಲ್ಲ. ಆ ಹೆಸರು ಕೂಸಿಗೇ ಗೊತ್ತಿಲ್ಲ, ಕರೆದರೆ ತಿರುಗಲಾರದು.

ಬೆಳಿಗ್ಗೆ ಬೇವಿನ ಕೆಳಗೆ ಹೋಗಿ ನಿಂತೆ. ಸುತ್ತ ಯಾರೂ ಇಲ್ಲ. ಕೇಳಿ ನಗುವವರೂ ಇಲ್ಲ. ನಾಲ್ಕು ಭಾಷೆ ಬರುವ ಬಾಯಿ… ಆ ಮಾತು ಬರಲಿಲ್ಲ.

ಮನೆಗೆ ಬಂದು ಪೆನ್ನು ಹಿಡಿದಿದ್ದೇನೆ. ಬರೆದರಾದರೂ ಕರೆದ ಹಾಗಾದೀತು. ಎರಡೇ ಅಕ್ಷರ. ಸೊನ್ನೆ ಕೂಡ ಇಲ್ಲ.

ಪಾ