ಬೆಲಾಯತ್ ಮೇಲಿನ ರೂಮಿಗೆ ಹೋದ

ಜನವರಿ 19

ನಿನ್ನೆಯೂ ಮಗ್ಗುಲಲ್ಲೇ ನಿದ್ದೆ. ಅಂಗಾತ ಮಲಗಲು ಜಾಗವಿಲ್ಲ. ಒಬ್ಬ ಹೊರಳಿದರೆ ಸಾಲಿನವರೆಲ್ಲ ಹೊರಳಬೇಕು. ಮೊದಲ ವರ್ಷದವರನ್ನೆಲ್ಲ ಇದೊಂದೇ ಕೋಣೆಗೆ ತುಂಬಿದ್ದಾರೆ. ಗಣರೂಮ್ ಅಂತ ಹೆಸರು. ಮಂಚ ಬೇಕೆಂದರೆ ಪಾರ್ಟಿಯ ಸೀನಿಯರ್ ಭಾಯ್‌ಗಳು ಕೊಡಬೇಕು. ಹಾಲ್, ಅಂದರೆ ಈ ಹಾಸ್ಟೆಲ್, ಯೂನಿವರ್ಸಿಟಿಯದು, ಮಂಚ ಮಾತ್ರ ಪಾರ್ಟಿಯದು. ಹಾಲ್‌ನ ಮುಖ್ಯಸ್ಥ ಪ್ರೊವೋಸ್ಟ್ ಸಾರ್‌ಗೂ ಗೊತ್ತು. ನೋಡಿಯೂ ನೋಡದ ಹಾಗೆ ಇರುತ್ತಾರೆ.

ನನ್ನ ಪಕ್ಕದಲ್ಲಿ ಬೆಲಾಯತ್. ಸಂದ್ವೀಪದವನು. ಬಾಗಿಲಿನಷ್ಟು ಅಗಲದ ಭುಜ. ಹಾಗಾಗಿ ನನ್ನ ಜಾಗ ಇನ್ನೂ ಕಮ್ಮಿ. ದ್ವೀಪದಿಂದ ಒಣಮೀನು ತಂದಿದ್ದಾನೆ. ಪೊಟ್ಟಣ ಬಿಚ್ಚಿದಾಗ ಕೋಣೆಗೆ ಕೋಣೆಯೇ ಬೈಯಿತು. ಊಟದ ಹೊತ್ತಿಗೆ ಬೈದವರೇ ತಟ್ಟೆ ಹಿಡಿದು ಬಂದರು. ಕ್ಯಾಂಟೀನಿನ ದಾಲ್‌ನಲ್ಲಿ ಮುಖ ನೋಡಿಕೊಳ್ಳಬಹುದು... ಇನ್ನೇನು ಮಾಡುತ್ತಾರೆ.

ನಾಳೆ ಮಣ್ಣು ವಿಜ್ಞಾನದ ಮೊದಲ ಪ್ರಾಕ್ಟಿಕಲ್. ಇಬ್ಬರದೂ ಒಂದೇ ಬೆಂಚು.

ಜನವರಿ 23

ಸಂಜೆ ಗೆಸ್ಟ್ ರೂಮಿಗೆ ಕರೆದರು. ಹೆಸರಿಗೆ ಅತಿಥಿಗಳ ಕೋಣೆ. ನಾವು ಸಾಲಾಗಿ ನಿಲ್ಲಬೇಕು, ಕಣ್ಣು ನೆಲದ ಮೇಲೆ. ಸೋಫಾದಲ್ಲಿ ಶಿಹಾಬ್ ಭಾಯ್. ಎಷ್ಟನೇ ಸಲವೋ ಮಾಸ್ಟರ್ಸ್ ಮಾಡುತ್ತಿದ್ದಾನೆ, ಮುಗಿಸುವ ಆಸೆಯಿಲ್ಲ. ಹಾಲ್‌ನಲ್ಲಿ ಪಾರ್ಟಿ ಅಂದರೆ ಅವನೇ.

ಇವತ್ತಿನ ವಿಷಯ ಸಲಾಂ. ಟೀ ಅಂಗಡಿ ಹತ್ತಿರ ಭಾಯ್‌ಗೆ ಸಲಾಂ ಮಾಡದೆ ಹೋದವನು ಯಾರು? ಅದು ನಾನು. ಕನ್ನಡಕ ಒರೆಸುತ್ತಿದ್ದೆ, ಕಾಣಲಿಲ್ಲ.

ಬೆಲಾಯತ್ ಒಂದು ಹೆಜ್ಜೆ ಮುಂದೆ ಹೋದ. "ನಾನೇ ಭಾಯ್. ತಪ್ಪಾಯ್ತು."

ಅವನ ಎತ್ತರಕ್ಕೆ ಭಾಯ್‌ಗಳ ಕೈ ಸರಿಯಾಗಿ ಎಟುಕಲಿಲ್ಲ. ಮಂಡಿಯೂರಿಸಿ ಹೊಡೆದರು. ಎಣಿಸಲಿಲ್ಲ. ಕೊನೆಗೆ ಹೊಡೆಯುವವನೇ ಕೈ ಕೊಡವಿಕೊಂಡ.

ಆಮೇಲೆ ಯಾಕೋ ಅಂತ ಕೇಳಿದೆ. ನಕ್ಕ. ಹಲ್ಲಿನ ಸಂದಿಯಲ್ಲೆಲ್ಲ ರಕ್ತ. "ನಿಂಗೆ ಬಿದ್ದಿದ್ರೆ ಗೋಡೆಯಿಂದ ಕೆರೆದು ತೆಗೀಬೇಕಿತ್ತು ಕಣೋ ಮುಹಿತ್. ನಂಗೇನು, ನಮ್ಮಪ್ಪನ ಕೈ ಇದಕ್ಕಿಂತ ಗಟ್ಟಿ."

ಫೆಬ್ರವರಿ 2

ಮೆರವಣಿಗೆ. ನಿನ್ನೆಯೂ ಮೆರವಣಿಗೆ. ಕೂಗಿ ಕೂಗಿ ಗಂಟಲು ಹೋಗಿದೆ. ಯಾರಿಗೆ ಜೈ, ಯಾರಿಗೆ ಧಿಕ್ಕಾರ ಅಂತ ಸರಿಯಾಗಿ ಕೇಳಿಸಿಕೊಂಡೂ ಇಲ್ಲ. ಬೆಲಾಯತ್‌ನನ್ನು ಮುಂದಿನ ಸಾಲಿಗೆ ಹಾಕಿದ್ದಾರೆ. ಶಿಹಾಬ್ ಭಾಯ್ ಅವನ ಭುಜ ತಟ್ಟಿದ್ದನ್ನು ನೋಡಿದೆ. ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ಹಾಗೆ.

ಅಟೆಂಡೆನ್ಸ್ ಇಬ್ಬರದೂ ಕಮ್ಮಿ.

ಫೆಬ್ರವರಿ 11

ಬರೆಯಲು ಆಗುತ್ತಿಲ್ಲ. ಬರೆಯುತ್ತೇನೆ.

ನದಿ ಕಡೆಯ ಹಾಲ್‌ನವರ ಜೊತೆ ಗಲಾಟೆ. ಅವರದೂ ಇದೇ ಪಾರ್ಟಿ, ಗುಂಪು ಬೇರೆ. ಗೇಟಿನ ಹತ್ತಿರದ ಅಂಗಡಿಗಳು ಯಾರ ಕೈಕೆಳಗೆ ಇರಬೇಕು ಅನ್ನುವುದಕ್ಕೆ. ನಮ್ಮ ಕೈಗೆ ಕಬ್ಬಿಣದ ಪೈಪು ಕೊಟ್ಟು ಮುಂದೆ ತಳ್ಳಿದರು. ಭಾಯ್‌ಗಳು ಹಿಂದೆ. ಇಟ್ಟಿಗೆ ಬಂದು ಬೀಳತೊಡಗಿದಾಗ ನಾನು ಪೈಪು ಬಿಸಾಕಿ ಓಡಿದೆ. ಮಸೀದಿಯ ನೀರಿನ ಟ್ಯಾಂಕಿನ ಹಿಂದೆ ಕುಳಿತೆ. ಅಲ್ಲಿಂದ ಕಂಡಿತು. ಹಳದಿ ಅಂಗಿಯ ಹುಡುಗ ಮಚ್ಚು ಎತ್ತಿಕೊಂಡು ಬಂದ. ಬೆಲಾಯತ್ ಬೀಸಿದ. ಒಂದೇ ಏಟು. ಎಳನೀರು ಕೆತ್ತಿದಂಥ ಸದ್ದು. ಹುಡುಗ ಕುಳಿತ, ಆಮೇಲೆ ಮಲಗಿದ.

ಸಂಜೆ ಬೆಲಾಯತ್‌ಗೆ ಟೀ ಲೋಟ ಹಿಡಿಯಲು ಆಗಲಿಲ್ಲ. ನಾನೇ ಹಿಡಿದು ಕುಡಿಸಿದೆ.

"ಅವ್ನು ಎದ್ನಾ? ನೀನು ನೋಡ್ದ್ಯಾ?"

ಎದ್ದ ಅಂದೆ. ನೋಡಿರಲಿಲ್ಲ.

ಫೆಬ್ರವರಿ 14

ಹಳದಿ ಅಂಗಿಯವನು ಬದುಕಿದ್ದಾನೆ. ಮಾತು ನಿಂತಿದೆಯಂತೆ. ಢಾಕಾಕ್ಕೆ ಒಯ್ದಿದ್ದಾರೆ.

ಬೆಲಾಯತ್‌ಗೆ ಮೇಲೆ 307ರಲ್ಲಿ ಮಂಚ ಸಿಕ್ಕಿತು. ಅವನ ಟ್ರಂಕು ಹೊತ್ತುಕೊಂಡು ನಾನೂ ಹೋದೆ. ಕಿಟಕಿ ಇದೆ, ಕಿಟಕಿಯಾಚೆ ಕೆಂಪು ಹೂ ಬಿಟ್ಟ ಶಿಮುಲ್ ಮರ. ಮಂಚ ತಟ್ಟಿ, "ಬಾ, ಅಂಗಾತ ಮಲಗಿ ನೋಡು" ಅಂದ. ಮಲಗಿದೆ. ಕೈಕಾಲು ಚಾಚಿದೆ. ಯಾವಾಗ ನಿದ್ದೆ ಬಂತೋ. ಎದ್ದಾಗ ಕತ್ತಲಾಗಿತ್ತು, ಅವನು ನೆಲದ ಮೇಲೆ ಕುಳಿತು ನನ್ನ ಪ್ರಾಕ್ಟಿಕಲ್ ರೆಕಾರ್ಡ್ ನೋಡಿ ಬರೆದುಕೊಳ್ಳುತ್ತಿದ್ದ.

ಮಾರ್ಚ್ 4

ಬೆಲಾಯತ್ ಈಗ ಪ್ರಾಕ್ಟಿಕಲ್‌ಗೆ ಬರುವುದಿಲ್ಲ. ಬೆಂಚಿನಲ್ಲಿ ನಾನೊಬ್ಬನೇ.

ಗೆಸ್ಟ್ ರೂಮಿನಲ್ಲಿ ಇವತ್ತು ಸೋಫಾದ ಕೈಯ ಮೇಲೆ ಕುಳಿತಿದ್ದ. ಸಾಜಿದ್‌ನನ್ನು ಮುಂದೆ ಕರೆದರು. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಸಣ್ಣವನು, ರಂಗ್‌ಪುರದ ಕಡೆಯವನು. ಭಾಯ್‌ಗಳ ಹೆಸರು ಹುದ್ದೆ ಸಮೇತ ಒಪ್ಪಿಸಬೇಕಿತ್ತು, ತಡವರಿಸಿದ. ಶಿಹಾಬ್ ಭಾಯ್ ಬೆಲಾಯತ್ ಕಡೆ ತಿರುಗಿ ನೋಡಿದ, ಅಷ್ಟೇ. ಬೆಲಾಯತ್ ಎದ್ದು ಹೊಡೆದ. ಸಾಜಿದ್ ಬಂದು ನನ್ನ ಕಾಲ ಮೇಲೆ ಬಿದ್ದ.

ಬೆಲಾಯತ್ ನನ್ನನ್ನು ನೋಡಲಿಲ್ಲ. ನಾನೂ... ನೆಲ ನೋಡುತ್ತಿದ್ದೆ. ನಿಯಮ.

ಮಾರ್ಚ್ 18

ನಾಳೆ ಮಿಡ್‌ಟರ್ಮ್. ನಾಳೆಯೇ ಮೆರವಣಿಗೆ. ಮಂತ್ರಿ ಬರುತ್ತಾನಂತೆ, ಒಬ್ಬನೂ ತಪ್ಪಿಸುವಂತಿಲ್ಲ. ನಾನು ಪರೀಕ್ಷೆಗೆ ಹೋಗುತ್ತೇನೆ. ಈ ಪೇಪರ್ ಬಿಟ್ಟರೆ ವರ್ಷ ಹೋಗುತ್ತದೆ.

ಬೆಲಾಯತ್ ಮೆಟ್ಟಿಲ ಹತ್ತಿರ ಹಿಡಿದುಕೊಂಡ. ಜ್ವರ ಅಂತ ಹೇಳಿ ಮಲಗಿಬಿಡು, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ, ಆದರೆ ಪರೀಕ್ಷೆ ಕೋಣೆಯಲ್ಲಿ ಮಾತ್ರ ಕಾಣಿಸಿಕೊಳ್ಳಬೇಡ ಅಂದ. ನಿನ್ನ ಪರೀಕ್ಷೆ ಏನಾಗುತ್ತದೆ ಅಂತ ಕೇಳಿದೆ.

"ನನ್ನ ಬಿಡು. ನೀನು ಹೋಗ್ಬೇಡ, ಮುಹಿತ್. ಕೈ ಮುಗೀತೀನಿ."

ಮಾರ್ಚ್ 19, ಮಧ್ಯಾಹ್ನ

ಬರೆದೆ. ಚೆನ್ನಾಗೇ ಬರೆದೆ. ಹಾಲ್‌ಗೆ ಬಂದ ಕೂಡಲೇ ಗೇಟು ಕಾಯುವ ಮಾಮಾ, ಮೇಲೆ ಕರೀತಿದ್ದಾರೆ ಅಂದ

ಏಪ್ರಿಲ್ 3

ಎಡಗೈ. ಒಂದನೇ ಕ್ಲಾಸಿನ ಅಕ್ಷರ. ಕಮ್ಮಿ ಬರೆಯುತ್ತೇನೆ.

307. ಪರದೆ ಎಳೆದಿದ್ದರು. ಒಬ್ಬ ಫೋನಿನಲ್ಲಿ ಹಾಡು ಜೋರಾಗಿ ಹಾಕಿದ. ಶಿಹಾಬ್ ಕ್ರಿಕೆಟ್ ಸ್ಟಂಪ್ ತೆಗೆದು ಬೆಲಾಯತ್ ಕೈಗೆ ಕೊಟ್ಟ.

"ನಿನ್ ದೋಸ್ತ್ ತಾನೆ. ಬುದ್ಧಿ ನೀನೇ ಕಲಿಸು."

ಬೆಲಾಯತ್ ನನ್ನ ಕನ್ನಡಕ ತೆಗೆದ. ಮಡಚಿ ತನ್ನ ಜೇಬಿಗೆ ಹಾಕಿಕೊಂಡ. ಮೆಲ್ಲಗೆ ಹೊಡೆದಾನು, ನಾನು ಜೋರಾಗಿ ಕೂಗಿದರಾಯಿತು ಅಂದುಕೊಂಡೆ. ಮೊದಲ ಏಟಿಗೇ ಗೊತ್ತಾಯಿತು. ತೊಡೆ, ಮೀನಖಂಡ, ಬೆನ್ನು. ಅವನ ಮಂಚದ ಕಾಲು ತಬ್ಬಿಕೊಂಡಿದ್ದೆ. ಶಿಹಾಬ್ ಕಿತ್ತಲೆ ಸುಲಿದು ತಿನ್ನುತ್ತ, ಇಷ್ಟೇನಾ, ಸಂದ್ವೀಪದಲ್ಲಿ ಅನ್ನ ಹಾಕಲ್ವಾ ನಿಂಗೆ ಅಂದ. ಆಮೇಲೆ ಜೋರಾಯಿತು. ತಲೆಗೆ ಬರುತ್ತಿದೆ ಅನ್ನಿಸಿ ಬಲಗೈ ಅಡ್ಡ ಹಿಡಿದೆ. ಮೊಣಕೈ ಮುರಿದದ್ದು ನನಗೆ ಕೇಳಿಸಿತು. ಹಾಡಿಗಿಂತ ಜೋರಾಗಿ.

ಬೆಲಾಯತ್ ಅಳುತ್ತಿದ್ದ. ಅಳುತ್ತಲೇ ಹೊಡೆಯುತ್ತಿದ್ದ. ಅದನ್ನೇ ಮರೆಯಲು ಆಗುತ್ತಿಲ್ಲ.

ಮೊಣಕೈ ಒಳಗೆ ಎರಡು ಮೊಳೆ, ಮೇಲೆ ಪ್ಲಾಸ್ಟರ್ ಹಾಕಿದ್ದಾರೆ. ಅಮ್ಮನಿಗೆ ರಿಕ್ಷಾ ಮಗುಚಿತು ಅಂದಿದ್ದೇನೆ. ಹಾಗೇ ಹೇಳಲು ಹೇಳಿಕೊಟ್ಟವರು ಹಾಲ್‌ನ ಉಸ್ತುವಾರಿ ಮೇಷ್ಟ್ರು, ಹೌಸ್ ಟ್ಯೂಟರ್ ಸಾರ್.

ಏಪ್ರಿಲ್ 9

ಮತ್ತೆ ಗಣರೂಮ್. ಬೇರೆಲ್ಲಿಗೆ ಹೋಗಲಿ. ಹುಡುಗರು ಗೋಡೆ ಪಕ್ಕದ ಜಾಗ ಬಿಟ್ಟುಕೊಟ್ಟಿದ್ದಾರೆ. ನಾನು ಅಂಗಾತ ಮಲಗಲೆಂದು ಮಿಕ್ಕವರೆಲ್ಲ ಇನ್ನಷ್ಟು ಒತ್ತಿಕೊಂಡು ಮಲಗುತ್ತಾರೆ. ಅನ್ನ ಕಲಸಿಕೊಡುವವನು ಸಾಜಿದ್. ನೋಟ್ಸ್ ಬರೆದುಕೊಡುವವನೂ ಅವನೇ.

ಕನ್ನಡಕ ಯಾರೋ ದಿಂಬಿನ ಕೆಳಗೆ ಇಟ್ಟು ಹೋಗಿದ್ದರು. ಒರೆಸಿ ಇಟ್ಟಿದ್ದರು.

ಮಲಗಿದರೆ ಒಂದೇ ಯೋಚನೆ. ಬೆಲಾಯತ್‌ನ ಬಾಯಿ. ಒಂದೊಂದೇ ಹಲ್ಲು ಉದುರಿಸಬೇಕು.

ಏಪ್ರಿಲ್ 17

ಮಧ್ಯಾಹ್ನ ಸಾಜಿದ್ ಮೇಲಿನಿಂದ ಬಿದ್ದ. ಬಿದ್ದದ್ದಲ್ಲ. ಶಿಹಾಬ್‌ನ ಬೈಕಿಗೆ ಒರಗಿ ನಿಂತಿದ್ದನಂತೆ, ಅದಕ್ಕೆ ಎರಡನೇ ಮಹಡಿಯ ಕಿಟಕಿಯ ಸಜ್ಜೆಯ ಮೇಲೆ ನಿಲ್ಲಿಸಿದ್ದರು. ಬಿಸಿಲಿಗೆ ತಲೆ ಸುತ್ತಿದೆ. ಸೊಂಟದ ಮೂಳೆ ಪುಡಿಯಾಗಿದೆ. ಜೀವ ಇದೆ.

ಯಾರು ಶುರು ಮಾಡಿದರೋ ಗೊತ್ತಿಲ್ಲ. ಗಣರೂಮಿನವರೆಲ್ಲ ಎದ್ದರು. ಎರಡನೇ ವರ್ಷದವರೂ ಬಂದರು. ಗೇಟಿಗೆ ಬೀಗ. ಮೂರನೇ ಮಹಡಿಯಿಂದ ಭಾಯ್‌ಗಳ ಮಂಚ, ಫ್ರಿಜ್, ಸೋಫಾ ಎಲ್ಲ ಕೆಳಗೆ ಬಿದ್ದವು. ಬೆಂಕಿ ಹಚ್ಚಿದರು. ಶಿಹಾಬ್ ಹಿಂದಿನ ಗೋಡೆ ಹಾರಿ ಯಾವಾಗಲೋ ಹೋಗಿದ್ದ. ಬೆಲಾಯತ್ ಮಾತ್ರ 307ರಲ್ಲಿ ಸಿಕ್ಕಿದ. ಓಡಲಿಲ್ಲವೋ, ಓಡು ಅಂತ ಅವನಿಗೆ ಯಾರೂ ಹೇಳಲಿಲ್ಲವೋ.

ವಾಲಿಬಾಲ್ ಕೋರ್ಟಿಗೆ ಎಳೆದು ತಂದರು. ಅಂಗಿ ಹರಿದಿತ್ತು. ನನ್ನ ಎಡಗೈಗೆ ಸ್ಟಂಪ್ ಕೊಟ್ಟರು.

"ಮೊದಲನೇದು ನಿಂದು, ಮುಹಿತ್."

ಬೆಲಾಯತ್ ತಲೆ ಎತ್ತಿದ. "ಹೊಡಿ ಕಣೋ" ಅಂದ. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ.

ಹೊಡೆಯಬೇಕೆಂದೇ ಎತ್ತಿದೆ. ಸುಳ್ಳು ಬರೆದು ಪ್ರಯೋಜನವಿಲ್ಲ. ಹೊಡೆದೆ. ಅಭ್ಯಾಸವಿಲ್ಲದ ಕೈ, ಭುಜಕ್ಕೆ ಗುರಿಯಿಟ್ಟದ್ದು ದವಡೆಗೆ ಬಿತ್ತು. ಬಲವಿರಲಿಲ್ಲ. ಆದರೆ ಸುತ್ತ ನಿಂತವರು ಅದಕ್ಕೇ ಕಾಯುತ್ತಿದ್ದರು. ಎಲ್ಲರೂ ಒಟ್ಟಿಗೆ ಬಿದ್ದರು. ಇಟ್ಟಿಗೆ, ಬೆಲ್ಟು, ಮಂಚದ ಪಟ್ಟಿ. ನನಗೆ ಮಲಗಲು ಜಾಗ ಬಿಟ್ಟುಕೊಟ್ಟಿದ್ದ ಹುಡುಗರು ಅವರೇ. ಮುಖ ಗುರುತು ಸಿಗಲಿಲ್ಲ. ಸಾಕು ಅಂದೆ. ಸತ್ತು ಹೋಗ್ತಾನೆ ಬಿಡ್ರೋ ಅಂದೆ. ನನ್ನ ಮಾತು ನನಗೇ ಕೇಳಲಿಲ್ಲ. ಇನ್ನೇನೂ ತೋಚದೆ ಅವನ ಮೇಲೆ ಬಿದ್ದೆ. ಬೆನ್ನಿಗೆ ಬಿತ್ತು, ಪಕ್ಕೆಗೆ ಬಿತ್ತು. ಪ್ಲಾಸ್ಟರ್ ಒಡೆಯಿತು. ಕೆಳಗೆ ಅವನ ಎದೆ ಗೊರಗೊರ ಅನ್ನುತ್ತಿತ್ತು.

ಪೊಲೀಸರು ಯಾವಾಗ ಬಂದರೋ ನೆನಪಿಲ್ಲ.

ಏಪ್ರಿಲ್ 21

ಸರ್ಕಾರಿ ಆಸ್ಪತ್ರೆ. ವಾರ್ಡಿನಲ್ಲಿ ಮಂಚವಿಲ್ಲ. ನೆಲದ ಮೇಲೆ ಚಾಪೆ ಹಾಕಿದ್ದಾರೆ. ನಾನು, ನನ್ನ ಪಕ್ಕ ಬೆಲಾಯತ್. ಅವನ ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡುವಂತಿಲ್ಲ. ಒಂದು ಕಣ್ಣು ಇರುತ್ತದೋ ಹೋಗುತ್ತದೋ ಹೇಳಲಾಗದು ಅಂದರು. ಇನ್ನೊಂದು ಕಣ್ಣು ತೆರೆದೇ ಇರುತ್ತದೆ.

ಶಿಹಾಬ್ ಬೇರೊಂದು ಹಾಲ್‌ನಲ್ಲಿದ್ದಾನೆ ಅನ್ನುತ್ತಾರೆ. ತನಿಖಾ ಸಮಿತಿ ಕೂತಿದೆಯಂತೆ.

ಏಪ್ರಿಲ್ 22, ಬೆಳಿಗ್ಗೆ

ಬೆಲಾಯತ್‌ನ ಅಪ್ಪ ಬಂದರು. ಸಮುದ್ರ ಕೆರಳಿ ದೋಣಿ ಬಿಟ್ಟಿರಲಿಲ್ಲ, ಹಾಗಾಗಿ ತಡವಾಯಿತಂತೆ. ಲುಂಗಿ, ಬಿಳಿ ಗಡ್ಡ, ಬೆಲಾಯತ್‌ನದೇ ಭುಜ. ಮಗನ ಮುಖ ನೋಡಿದರು. ಎಲ್ಲಿ ಮುಟ್ಟಬೇಕೆಂದು ತಿಳಿಯಲಿಲ್ಲ ಅವರಿಗೆ, ಕೊನೆಗೆ ಪಾದ ಹಿಡಿದುಕೊಂಡು ಕುಳಿತರು. ಅಳಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. ಹೆಸರು ಕೇಳಿದರು. ಹೇಳಿದೆ. ಮುಖ ಅರಳಿತು. ಫೋನ್ ಮಾಡಿದಾಗಲೆಲ್ಲ ಮಗನ ಬಾಯಲ್ಲಿ ನನ್ನದೇ ಸುದ್ದಿಯಂತೆ. ಇವನನ್ನು ಉಳಿಸಲು ಮೈಮೇಲೆ ಬಿದ್ದ ಹುಡುಗ ನೀನೇ ಅಂತ ನರ್ಸ್ ಹೇಳಿದಳಂತೆ. ನನ್ನ ಎಡಗೈ ತೆಗೆದು ತಮ್ಮ ಹಣೆಗೆ ಒತ್ತಿಕೊಂಡರು. ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ.

ಬಲಗೈಯ ಹೊಸ ಪ್ಲಾಸ್ಟರನ್ನು ಮೆಲ್ಲಗೆ ಸವರಿದರು.

"ಯಾರು ಬಾಬಾ ಇದನ್ನೆಲ್ಲ ಮಾಡಿದ್ದು? ನಿಮ್ಮಿಬ್ರನ್ನೂ ಹೊಡೆದೋರು ಒಬ್ರೇನಾ?"

ಬೆಲಾಯತ್‌ನ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ರೆಪ್ಪೆ ಅಲುಗಲಿಲ್ಲ. ನಾನು ಬಾಯಿ ತೆರೆದೆ. ಚಾಚಾ, ಅಂದೆ, ನಾನು. ಮೊದಲನೇ ಏಟು ನಂದೇ.