ಅಣ್ಣ ಎರಡು ಹೆಜ್ಜೆ, ತಂಗಿ ಒಂದು ಹೆಜ್ಜೆ

ಮನೆಯಿಂದ, ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕ
ಹದಿನಾಲ್ಕನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳು ಅಂತ ಅಮ್ಮ ಮೆಷಿನ್ ತುಳಿಯುತ್ತಲೇ ಹೇಳುತ್ತಿದ್ದಾಳೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಅಮ್ಮನ ಕಣ್ಣು ಮಾತ್ರ ಮಂಜಾಗಿದೆ. ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಾಳೆ. ಈ ಕಾಗದವನ್ನೂ ಅವಳು ಓದಲಾರಳು, ಅದಕ್ಕೇ ಅವಳ ಪಕ್ಕದಲ್ಲೇ ಕೂತು ಧೈರ್ಯವಾಗಿ ಬರೆಯುತ್ತಿದ್ದೇನೆ. ನಾಲ್ಕು ಭಾನುವಾರಗಳಿಂದ ನಿನ್ನ ಫೋನಿಲ್ಲ. ನಾವು ಮಾಡಿದರೆ ಸ್ವಿಚ್ ಆಫ್. "ದೊಡ್ಡ ಆಫೀಸು, ಅವನಿಗೆಲ್ಲಿ ಪುರುಸೊತ್ತು" ಎಂದು ಅಮ್ಮ ನನಗೇ ಸಮಾಧಾನ ಹೇಳುತ್ತಾಳೆ.

ಇಲ್ಲಿಯ ಸುದ್ದಿ ಏನೆಂದರೆ, ನಮ್ಮ ಆಫೀಸು ಈ ತಿಂಗಳಿಗೆ ಮುಚ್ಚುತ್ತದೆ. ಲಾರಿ ತೂಕ ಹಾಕುವವರಿಗೆ ಸಾಫ್ಟ್‌ವೇರ್ ಬರೆದುಕೊಡುವ ನಾಲ್ಕು ಜನರ ಆಫೀಸು ಅದೆಷ್ಟು ದಿನ ನಡೆದೀತು? ಯಜಮಾನರು ಮೊನ್ನೆ ನಮ್ಮನ್ನು ಕೂರಿಸಿಕೊಂಡು, "ನೀವೆಲ್ಲ ಚಿಕ್ಕವರು, ಎಲ್ಲಾದ್ರೂ ಬದುಕ್ಕೋತೀರ" ಎಂದರು. ಕೆಳಗಿನ ಫರ್ನಿಚರ್ ಅಂಗಡಿಯವನು ಆಗಲೇ ನಮ್ಮ ಕುರ್ಚಿಗಳನ್ನು ಎಣಿಸಿಕೊಂಡು ಹೋಗಿದ್ದಾನೆ. ಇದು ಗೊತ್ತಿದ್ದರಿಂದಲೇ ನಾನು ಎರಡು ವಾರದ ಹಿಂದೆ ನಿನ್ನ ಊರಿಗೆ ಬಂದಿದ್ದೆ, ನಿನ್ನ ಕಂಪನಿಗೇ ಇಂಟರ್‌ವ್ಯೂಗೆ. "ನಮ್ಮಲ್ಲಿಗೇ ಬಂದುಬಿಡು ನಿಧಾನಮ್ಮಾ" ಎಂದು ನೀನೇ ವರ್ಷಗಟ್ಟಲೆ ಹೇಳುತ್ತಿದ್ದೆಯಲ್ಲ. ಇಂಟರ್‌ವ್ಯೂ ಮುಗಿಸಿ ನಿನ್ನ ಸೀಟಿನ ಹಿಂದೆ ನಿಂತು ಬೆನ್ನಿಗೊಂದು ಗುದ್ದಬೇಕು ಎಂದುಕೊಂಡಿದ್ದೆ.

ಕನ್ನಡಕದ ಮೇಡಂ ಒಬ್ಬರು ಪರದೆಯ ಮೇಲೆ ಹಳೆಯ ಕೋಡ್ ಒಂದನ್ನು ತೆರೆದರು. "ಇದನ್ನ ಬರೆದವರನ್ನ ಕೆಲಸದಿಂದ ಕಳಿಸಿ ಎರಡು ವರ್ಷ ಆಯ್ತು. ಯಾರು ಮುಟ್ಟಿದ್ರೂ ಕೆಡುತ್ತೆ. ಓದಿ ಹೇಳಿ" ಎಂದರು. ಓದಿದೆ. ಒಂದರ ಹಿಂದೊಂದು ಪೋಣಿಸಿದ ಮಾಹಿತಿ ಎಲ್ಲಾದರೂ ತನ್ನನ್ನೇ ಸುತ್ತುತ್ತಿದೆಯೇ ಎಂದು ನೋಡಲು ಕೋಡಿನೊಳಗೆ ಇಬ್ಬರನ್ನು ಓಡಿಸುತ್ತೇವಲ್ಲ, ಒಬ್ಬ ಎರಡೆರಡು ಹೆಜ್ಜೆ, ಇನ್ನೊಬ್ಬ ಒಂದೊಂದೇ ಹೆಜ್ಜೆ. ದಾರಿ ಸುತ್ತು ಹೊಡೆಯುತ್ತಿದ್ದರೆ ಮುಂದೆ ಹೋದವನು ಬಳಸಿ ಬಂದು ಹಿಂದಿನವನಿಗೆ ಸಿಗುತ್ತಾನೆ. ದಾರಿಗೆ ಕೊನೆಯಿದ್ದರೆ ಸಿಗುವುದೇ ಇಲ್ಲ. ಲೋಕವೆಲ್ಲ ಅವರನ್ನು ವೇಗದವನು, ನಿಧಾನದವನು ಎನ್ನುತ್ತದೆ. ಆ ಕೋಡಿನಲ್ಲಿ ಅವರ ಹೆಸರು ಅಣ್ಣ, ತಂಗಿ. ಕಂಪ್ಯೂಟರ್ ಸೆಂಟರಿನಲ್ಲಿ ಒಂದೇ ಕುರ್ಚಿಯ ಮೇಲೆ ಇಬ್ಬರೂ ಅರ್ಧರ್ಧ ಕೂತು ಕಲಿತಾಗ ನೀನೇ ಇಟ್ಟ ಹೆಸರು. "ನೀನು ನಿಧಾನಮ್ಮ, ಒಂದೇ ಹೆಜ್ಜೆ ಸಾಕು ನಿನಗೆ" ಎಂದಿದ್ದೆ.

ಮೇಡಂ ನಕ್ಕರು. "ಕೋಡಿಗೆ ಯಾರಾದ್ರೂ ಅಣ್ಣ ತಂಗಿ ಅಂತ ಹೆಸರಿಡ್ತಾರಾ? ವಿಚಿತ್ರ ಮನುಷ್ಯ. ನಿಮಗೇನಾದ್ರೂ ಪರಿಚಯನಾ?" ನಾನೂ ನಕ್ಕೆ ಅಣ್ಣಾ. "ಇಲ್ಲ ಮೇಡಂ, ಯಾರೋ ಗೊತ್ತಿಲ್ಲ" ಎಂದೆ. ಕೆಲಸ ಸಿಗಬೇಕಿತ್ತು, ಬಾಯಿಂದ ಬಂದುಬಿಟ್ಟಿತು. ನಿನ್ನ ಕೋಡನ್ನು ನಾನು ಸುಲಭವಾಗಿ ಓದಿದ್ದಕ್ಕೇ ನನ್ನನ್ನು ಆರಿಸಿದರು. ನಿನ್ನ ಕೆಲಸವನ್ನೇ ನನಗೆ ಕೊಡುತ್ತಿದ್ದಾರೆ.

ಅಲ್ಲಿಂದ ನೇರ ನಿನ್ನ ರೂಮಿಗೆ ಹೋದೆ. ಮನೆಯೊಡತಿ ಮೆಟ್ಟಿಲ ಮೇಲೇ ತಡೆದರು. "ಅವನು ಖಾಲಿ ಮಾಡಿ ವರ್ಷದ ಮೇಲಾಯ್ತಮ್ಮ. ತಿಂಗಳಿಗೊಂದ್ಸಲ ಬಂದು ಕಾಗದ ಇದ್ಯಾ ಅಂತ ಕೇಳ್ತಾನೆ. ಎಲ್ಲಿದೀಯಪ್ಪ ಅಂದ್ರೆ ನಗ್ತಾನೆ." ಅದಕ್ಕೇ ಈ ಕಾಗದ, ಅದೇ ವಿಳಾಸಕ್ಕೆ. ಈಗ ಆ ರೂಮಿನಲ್ಲಿ ಮೂವರಿದ್ದಾರೆ, ನಡುವೆ ಹಲಗೆ ಅಡ್ಡ ಇಟ್ಟುಕೊಂಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಿನ್ನ ಊರಿನಲ್ಲಿ ರೂಮು ಇದ್ದಷ್ಟಕ್ಕೆ ಹಾಸಿಗೆಯನ್ನೇ ಕತ್ತರಿಸಬೇಕು. ಇಷ್ಟಾದರೂ ಬಾಡಿಗೆ ಕೇಳಿ ನನಗೆ ತಲೆ ಸುತ್ತಿತು.

ನನಗೆ ನಿನ್ನ ಮೇಲೆ ಸಿಟ್ಟಿದೆ. ಕೆಲಸ ಹೋಯಿತೆಂದಲ್ಲ, ಯಾರಿಗೆ ಹೋಗುವುದಿಲ್ಲ? ನೂರು ಭಾನುವಾರ ನನ್ನ ಹತ್ತಿರವೂ ಸುಳ್ಳು ಹೇಳಿದೆಯಲ್ಲ. ಕಿಟಕಿ ಪಕ್ಕದ ಸೀಟು ಕೊಟ್ಟಿದ್ದಾರೆ ಎಂದು ನೀನು ಅಮ್ಮನಿಗೆ ಹೇಳಿದೆ, ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಳು. ಈಗ ನನ್ನದು ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೋಗುವುದಿಲ್ಲ ಎಂದರೆ ಯಾಕೆಂದು ಹೇಳಬೇಕು, ಮತ್ತೆ ಇಲ್ಲಿ ನನ್ನ ಓದಿಗೆ ಬೇರೆ ಆಫೀಸೂ ಇಲ್ಲ. ಹೋದರೆ ನೀನು ಎದ್ದು ಹೋದ ಕುರ್ಚಿಯಲ್ಲಿ ಕೂರಬೇಕು. "ನಿಮ್ಮಣ್ಣ ಇದ್ದಾನಲ್ಲ, ನಿನಗಿನ್ನೇನು ಭಯ" ಎನ್ನುತ್ತಾಳೆ ಅಮ್ಮ. ನಾನು ಹೋಗುವಾಗ ಕೊಡಲೆಂದು ನಿನಗೊಂದು ಶರ್ಟು ಹೊಲಿಯುತ್ತಿದ್ದಾಳೆ, ಈಗ ಕೇಳಿಸುತ್ತಿರುವ ಸದ್ದು ಅದರದ್ದೇ. "ಹಳೇ ಅಳತೆನೇ ಸಾಕು, ಅವನೇನು ಬದಲಾಗಿರಲ್ಲ" ಎಂದಳು. ನಾನು ದಾರ ಪೋಣಿಸಿಕೊಟ್ಟೆ.

ದಾರಿ ಸುತ್ತಿ ಬಂದು ನನಗೆ ಸಿಗುತ್ತೀಯ ಎಂಬ ಆಸೆ ನನಗೇನೂ ಉಳಿದಿಲ್ಲ. ಈ ಕಾಗದವಾದರೂ ಸಿಗಲಿ. ಬೆನ್ನು ನೋಡಿಕೋ. ಅಮ್ಮನ ಆಶೀರ್ವಾದ ನಿನ್ನ ಮೇಲೆ ಇದ್ದೇ ಇದೆ, ಬೇರೆಯಾಗಿ ಏನು ಬರೆಯಲಿ.

ನಿನ್ನ
ನಿಧಾನಮ್ಮ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಕೆಲಸಕ್ಕೆ ಒಪ್ಪಿಕೊಂಡು ಬೆಳಿಗ್ಗೆಯೇ ಉತ್ತರ ಕಳಿಸಿದೆ. ಒಂದನೇ ತಾರೀಕು ಸೇರಬೇಕು. ಅಣ್ಣ ತಂಗಿ ಇಬ್ಬರಿಗೂ ಒಂದೇ ಆಫೀಸು ಎಂದು ಅಮ್ಮನಿಗೆ ಹೇಳಿದ್ದೇನೆ, ಇನ್ನು ಭಾನುವಾರದ ಫೋನು ನಾನೇ ಮಾಡುತ್ತೇನೆ. ಆದರೆ ಆ ಆಫೀಸಿನ ಮಹಡಿಯಲ್ಲಿ ಕಿಟಕಿಯೇ ಇಲ್ಲವಲ್ಲೋ. ನಿನ್ನ ಕಿಟಕಿಯಿಂದ ಏನೇನು ಕಾಣುತ್ತದೆ ಎಂದು ನೀನು ಅಮ್ಮನಿಗೆ ಹೇಳಿದ್ದೆ? ಮರೆಯದೆ ಬರೆ. ಇಬ್ಬರೂ ಒಂದೇ ಹೇಳಬೇಕು.